ಗುಡುಗಮ್ಮನ ಕಾರಿಗೆ ಬಂದ ಹೊಸ ಗಂಟಲು

ಸೋಮವಾರ ಬೆಳಗ್ಗೆ ಏಳೂಕಾಲಿಗೆ ಕೀಲಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದ ಗುಡುಗಮ್ಮ ಬೆಂಕಿ ತುಳಿದವಳಂತೆ ಕಾಲು ಹಿಂದೆಗೆದಳು. ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಕಲಿಸಿಕೊಂಡು ಬಂದವಳು. ಈ ಪುಟ್ಟ ಕಾರಿನ ಕೆಮ್ಮು, ನೆಗಡಿ, ನಿಟ್ಟುಸಿರು ಎಲ್ಲ ಅವಳಿಗೆ ಬಾಯಿಪಾಠ. ಈಗ ಮುಂದುಗಡೆಯಿಂದ ಬಂದದ್ದು ಆ ಕಾರಿನ ದನಿಯೇ ಅಲ್ಲ. ಇಳಿದು ಬಾನೆಟ್ ಎತ್ತಿದಳು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಕಪ್ಪು ಪ್ಲಾಸ್ಟಿಕ್ ಡಬ್ಬಿ ಮಾಯವಾಗಿತ್ತು. ಅದರ ಜಾಗದಲ್ಲಿ ಮುಂಗೈ ದಪ್ಪದ ಅಲ್ಯೂಮಿನಿಯಂ ಪೈಪು, ಪೈಪಿನ ತುದಿಗೆ ಕೆಂಪು ಬಣ್ಣದ ಚೂಪು ಫಿಲ್ಟರು, ಹೊಸ ಮದುಮಗನ ಹಾಗೆ ಫಳಫಳ ಹೊಳೆಯುತ್ತಾ ಕೂತಿದ್ದವು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಈ ಘನಕಾರ್ಯ ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ಅವಳ ತಮ್ಮ ಮನೆಯ ಮೆಟ್ಟಿಲ ಮೇಲೆ ಚಹಾ ಲೋಟ ಹಿಡಿದು, ಬಹುಮಾನ ಕಾಯುವವನಂತೆ ನಗುತ್ತಾ ನಿಂತಿದ್ದ. ಸೈಲೆನ್ಸರ್ ರಿಪೇರಿ ಮಾಡುವ ಅಂಗಡಿಯಲ್ಲಿ ವೆಲ್ಡಿಂಗ್ ಕೆಲಸ ಅವನದು. ವಯಸ್ಸು ಮೂವತ್ತಾರು, ಬುದ್ಧಿ ಹದಿನಾರಕ್ಕೇ ನಿಂತಿದೆ ಎಂಬುದು ಅಕ್ಕನ ಲೆಕ್ಕ.

"ಹೇಗಿದೆ ಅಕ್ಕ? ನಾನೇ ಮಾಡಿದ್ದು. ಮೂರು ವಾರ ಹಿಡೀತು. ತಿರುವು ಸರಿಯಾಗಿ ಬರ್ಲಿಲ್ಲ ಅಂತ ಎರಡು ಪೈಪ್ ಎಸೆದೆ. ನಿನ್ನೆ ಮಧ್ಯಾಹ್ನ ನೀನು ಮಲಗಿದ್ದಾಗ ಕೂರಿಸಿದೆ. ಅಂಗಡೀಲಿ ಸಿಗೋ ರೆಡಿ ಮಾಲು ಇದರ ಮುಂದೆ ಏನೂ ಅಲ್ಲ."

"ಯಾರೋ ನಿನ್ನ ಕೇಳಿದ್ದು?"

"ನೀನೇ ಅಲ್ವಾ, ವರ್ಷದಿಂದ ಕಾರು ಏರು ಹತ್ತುವಾಗ ತಿಣುಕುತ್ತೆ ತಿಣುಕುತ್ತೆ ಅಂತಿದ್ದದ್ದು? ಈಗ ತಣ್ಣನೆ ಗಾಳೀನ ಧಾರಾಳವಾಗಿ ಎಳ್ಕೊಳ್ಳುತ್ತೆ."

"ಎಳ್ಕೊಳ್ಳುತ್ತೆ ನಿನ್ನ ತಲೆ. ಇದರಿಂದ ಶಕ್ತಿ ಬರಲ್ಲ ಕಣೋ, ಬರೀ ಸದ್ದು ಬರುತ್ತೆ. ಹಳೇ ಡಬ್ಬಿ ತಾ. ಈಗಲೇ ಹಾಕು."

ಅವನು ಚಹಾ ಲೋಟದೊಳಗೆ ಇಣುಕಿ ನೋಡಿದ. "ಬಿಚ್ಚುವಾಗ ಒಡೆದುಹೋಯ್ತು ಅಕ್ಕ. ಹಳೇ ಪ್ಲಾಸ್ಟಿಕ್ ಅಲ್ವಾ."

ಮುಂದಿನ ಐದು ನಿಮಿಷ ಅವಳು ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಎದುರು ಮನೆಯ ಕಿಟಕಿ ತೆರೆಯಿತು, ಮುಚ್ಚಿತು. ಆ ಬೀದಿಗೆ ಅದೇನೂ ಹೊಸದಲ್ಲ. ಕಲಿಯಲು ಬರುವವರು ಅವಳಿಗೆ ಬೆನ್ನ ಹಿಂದೆ ಗುಡುಗಮ್ಮ ಎಂದೇ ಹೆಸರಿಟ್ಟಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿಯೂ ಇತ್ತು. ಅವಳಿಗೆ ಡ್ರೈವಿಂಗ್ ಕಲಿಸಿದ್ದು ಲಾರಿ ಓಡಿಸುತ್ತಿದ್ದ ಸೋದರಮಾವ. ತಪ್ಪು ಮಾಡಿದರೆ ಬೆರಳ ಗೆಣ್ಣಿನ ಮೇಲೆ ಸ್ಪ್ಯಾನರಿನಿಂದ ಬಾರಿಸುತ್ತಿದ್ದ. ಒಂಬತ್ತೇ ದಿನದಲ್ಲಿ ಕಲಿತಳು. ತಾನು ಯಾರ ಮೈಮೇಲೂ ಕೈ ಮಾಡುವುದಿಲ್ಲ, ಬರೀ ಬೈಯುತ್ತೇನೆ, ಇದಕ್ಕಿಂತ ಒಳ್ಳೆಯ ಟೀಚರು ಎಲ್ಲಿ ಸಿಗಬೇಕು ಎನ್ನುವುದು ಅವಳ ವಾದ. ಸೇರಿದವರಲ್ಲಿ ಅರ್ಧಕ್ಕರ್ಧ ಜನ ವಾರದೊಳಗೆ ನಾಪತ್ತೆಯಾಗುತ್ತಿದ್ದರು. ಅವರೆಲ್ಲ ಪುಕ್ಕಲರು ಎಂದು ಅವಳು ಕೈ ತೊಳೆದುಕೊಳ್ಳುತ್ತಿದ್ದಳು.

ಆದರೆ ಇವತ್ತಿನ ಸಿಟ್ಟಿಗೆ ಬೇರೆಯೇ ಕಾರಣವಿತ್ತು. ಹತ್ತು ಗಂಟೆಗೆ ಇದೇ ಕಾರಿನಲ್ಲಿ ಅವಳ ಶಿಷ್ಯೆ ಲಾಂಡ್ರಿಯವಳ ಡ್ರೈವಿಂಗ್ ಪರೀಕ್ಷೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಒದ್ದೆ ಚಾದರ ಎತ್ತಿ ಸೊಂಟ ಕೆಡಿಸಿಕೊಂಡ ಹೆಂಗಸು ಅವಳು. ಬಟ್ಟೆ ಸಾಗಿಸುವ ವ್ಯಾನಿನ ಡ್ರೈವರ್ ಕೆಲಸ ಬಿಡುತ್ತಿದ್ದ. ಲೈಸೆನ್ಸ್ ತಂದರೆ ಆ ಜಾಗ ನಿನಗೇ ಎಂದು ಮೇಲ್ವಿಚಾರಕ ಮಾತು ಕೊಟ್ಟಿದ್ದ, ಆದರೆ ಈ ವಾರದ ಕೊನೆಯವರೆಗೆ ಮಾತ್ರ. ಎರಡು ಸಲ ಪರೀಕ್ಷೆಗೆ ಹೋಗಿ ಎರಡು ಸಲವೂ ಏರಿನಲ್ಲಿ ಕಾರು ಹಿಂದಕ್ಕೆ ಜಾರಿಸಿ ಫೇಲಾಗಿದ್ದಳು. ಇವತ್ತು ತಪ್ಪಿದರೆ ಇನ್ನೊಂದು ತಾರೀಕು ಸಿಗುವುದು ಆರು ವಾರಕ್ಕೆ. ಅಷ್ಟರಲ್ಲಿ ವ್ಯಾನು ಬೇರೆಯವರ ಪಾಲು, ಇವಳಿಗೆ ಮತ್ತೆ ಅದೇ ಒದ್ದೆ ಚಾದರ.

ಗುಡುಗಮ್ಮ ಕಲಿಸುತ್ತಿದ್ದದ್ದು ಕಿವಿಯಿಂದ. ಕಾಲು ನೋಡಬೇಡ, ಎಂಜಿನ್ನಿನ ಸದ್ದು ಕೇಳು, ಸದ್ದು ಭಾರವಾದ ಜಾಗದಲ್ಲಿ ಕ್ಲಚ್ಚನ್ನು ಹಾಗೇ ಹಿಡಿ, ಆಮೇಲೆ ಬ್ರೇಕ್ ಬಿಡು, ಇದೇ ಅವಳ ಪಾಠ. ಅಂಥ ಪಾಠ ಕಲಿತವಳಿಗೆ ಪರೀಕ್ಷೆಯ ದಿನವೇ ಕಾರಿನ ದನಿ ಬದಲಾಯಿಸುವುದೆಂದರೆ ಏನರ್ಥ? ಹೊಟ್ಟೆಯ ಮೇಲೆ ಹೊಡೆದರೂ ಇಷ್ಟು ಅನ್ಯಾಯವಾಗುತ್ತಿರಲಿಲ್ಲ.

ಲಾಂಡ್ರಿಯವಳು ಬಸ್ ನಿಲ್ದಾಣದ ಬಳಿ ಹತ್ತಿದಳು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಕಾಗದಗಳ ಕವರು, ಮುಖದಲ್ಲಿ ರಕ್ತವಿಲ್ಲ.

"ನನ್ನ ತಮ್ಮ ಕಾರಿಗೆ ಒಂದು ಪೀಪಿ ಸಿಕ್ಕಿಸಿದ್ದಾನೆ. ಹೆದರ್ಬೇಡ," ಎಂದಳು ಗುಡುಗಮ್ಮ, ಎಂಥವರೂ ಹೆದರುವಂಥ ದನಿಯಲ್ಲಿ.

ಪರೀಕ್ಷೆಯ ಮೈದಾನದವರೆಗೂ ಲಾಂಡ್ರಿಯವಳೇ ಓಡಿಸಿದಳು. ಕಾಲು ಒತ್ತಿದಾಗಲೆಲ್ಲ ಆ ಪೈಪು ಗೊರ್ರ್ ಎಂದು ಗಾಳಿ ನುಂಗುತ್ತಿತ್ತು. ಗುಡುಗಮ್ಮ ಎಂದಿನಂತೆ ಪಕ್ಕದಲ್ಲಿ ಕೂತು ಗೇರು ಹಾಕು, ಎಡಕ್ಕೆ ನೋಡು, ಬುದ್ಧಿ ಎಲ್ಲಿಟ್ಟಿದ್ದೀಯ ಎಂದು ಒಂದೇ ಸಮನೆ ಕೂಗುತ್ತಿದ್ದಳು. ಲಾಂಡ್ರಿಯವಳು ತಿರುಗಿಯೂ ನೋಡಲಿಲ್ಲ. ಒಮ್ಮೆ ಮಾತ್ರ "ಆಂ?" ಎಂದಳು. ಭಯಕ್ಕೆ ಮಂಕು ಕವಿದಿದೆ, ಇವಳ ಕಥೆ ಮುಗಿಯಿತು ಎಂದುಕೊಂಡು ಗುಡುಗಮ್ಮ ಹಲ್ಲು ಕಡಿದಳು.

ಮೈದಾನದಲ್ಲಿ ನೋಡಿದರೆ ತಮ್ಮನೂ ಹಾಜರು. ಅಂಗಡಿಗೆ ರಜೆ ಹೇಳಿ, ಸ್ಪ್ಯಾನರಿನ ಚೀಲ ಹೆಗಲಿಗೇರಿಸಿ ಬಂದಿದ್ದ. "ಏನಾದ್ರೂ ಬೇಕಾದ್ರೆ ಅಂತ," ಎಂದು ಗೊಣಗಿದ. ಸರದಿಯಲ್ಲಿ ನಿಂತ ಹತ್ತು ಹನ್ನೆರಡು ಮಂದಿಯ ಎದುರಿಗೇ ಅವಳು ಅವನ ನೀರಿಳಿಸಿದಳು. "ಇವಳಿಗೆ ವ್ಯಾನ್ ಕೆಲಸ ತಪ್ಪಿದ್ರೆ ಆ ಚಾದರಗಳನ್ನ ನೀನು ಹೋಗಿ ಎತ್ತಬೇಕು, ಗೊತ್ತಾಯ್ತಾ?" ಅವನು ತಲೆ ತಗ್ಗಿಸಿ ಮರದ ಕೆಳಗೆ ಹೋಗಿ ನಿಂತ.

ಪರೀಕ್ಷೆಯ ಅಧಿಕಾರಿ ಕಾರಿನೊಳಗೆ ಕೂತು, ಧೂಳು ಎಂದು ಗಾಜು ಏರಿಸಿಕೊಂಡ. ಮೊದಲೆರಡು ಸುತ್ತು ಸಲೀಸಾಗಿ ಆದವು. ಮೂರನೆಯದು ಏರು. ಅರ್ಧ ಹತ್ತಿ ನಿಲ್ಲಿಸಬೇಕು, ಜಾರದೆ ಮತ್ತೆ ಹೊರಡಬೇಕು. ಕಾರು ನಿಂತಿತು. ಮೈದಾನಕ್ಕೆ ಅಡ್ಡ ಕಟ್ಟಿದ ಹಗ್ಗದ ಈಚೆಯಿಂದ ಗುಡುಗಮ್ಮ ಎಂದಿನಂತೆ ಶುರುಮಾಡಿದಳು. "ಕ್ಲಚ್ ಹಿಡಿ. ಬಿಡ್ಬೇಡ. ಅಯ್ಯೋ, ಈಗ ಬಿಡೇ. ಕಾಲಿಗೇನು ಜೋಮು ಹಿಡಿದಿದ್ಯಾ?" ಹಿಂದಿನ ಎರಡು ಸಲವೂ ಹೀಗೇ ಗಂಟಲು ಹರಿದುಕೊಂಡಿದ್ದಳು. ಈ ಸಲ ಪೈಪು ಗೊರ್ರ್ ಎಂದು ಎದ್ದಿತು. ಇಡೀ ಮೈದಾನ ಅದೇ ಸದ್ದು. ಅವಳ ಮಾತು ಅವಳಿಗೇ ಕೇಳಿಸಲಿಲ್ಲ. ಸದ್ದು ಸ್ವಲ್ಪ ಕುಗ್ಗಿ ಭಾರವಾಯಿತು, ಅಲ್ಲೇ ಒಂದು ಕ್ಷಣ ನಿಂತಿತು. ಕಾರು ಕೂದಲೆಳೆಯಷ್ಟೂ ಹಿಂದಕ್ಕೆ ಹೋಗದೆ ಏರು ಹತ್ತಿತು.

ಲಾಂಡ್ರಿಯವಳು ಸಹಿಯಾದ ಕಾಗದ ಹಿಡಿದು ಓಡಿಬಂದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಈ ದರಿದ್ರ ಸದ್ದಲ್ಲಿ ಹೇಗೆ ಹತ್ತಿಸಿದೆ?" ಗುಡುಗಮ್ಮ ಕೇಳಿದಳು.

"ಸದ್ದು ಜೋರಿತ್ತಲ್ಲ ಟೀಚರ್, ನೀವು ಹೇಳಿಕೊಟ್ಟ ಹಾಗೇ ಭಾರ ಆಗೋದು ಚೆನ್ನಾಗಿ ಗೊತ್ತಾಯ್ತು." ಆಮೇಲೆ ಉಪಕಾರ ನೆನೆಯುವವಳ ಹಾಗೆ ಹೇಳಿದಳು, "ಮತ್ತೆ, ನೀವು ಬೈಯೋದು ಕೇಳಿಸ್ಲಿಲ್ಲ. ಇಷ್ಟು ದಿನ ಅದೊಂದೇ ಕೇಳಿಸ್ತಿತ್ತು."

ಚುಚ್ಚಬೇಕೆಂದು ಆಡಿದ ಮಾತಾಗಿದ್ದರೆ ಗುಡುಗಮ್ಮ ಅಲ್ಲೇ ಗ್ರಹಚಾರ ಬಿಡಿಸುತ್ತಿದ್ದಳು. ಲಾಂಡ್ರಿಯವಳು ಅವಳ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡು, ಬಸ್ಸು ಬಂತೆಂದು ಹೊರಟೇಹೋದಳು. ಗುಡುಗಮ್ಮನ ಸಿಟ್ಟು ರೂಢಿಯಂತೆ ನೆತ್ತಿಗೇರಿತು, ಆದರೆ ಅದನ್ನು ಯಾರ ಮೇಲೆ ಹಾಕುವುದು? ನಾಲ್ಕೇ ದಿನಕ್ಕೆ ಬಿಟ್ಟುಹೋದ ಬ್ಯಾಂಕಿನ ಗುಮಾಸ್ತ ನೆನಪಾದ. ಸ್ಟಿಯರಿಂಗಿಗೆ ಹಣೆಯಿಟ್ಟು ಅತ್ತ ನರ್ಸು ನೆನಪಾದಳು. ಇನ್ನು ನಡೆದೇ ಹೋಗುತ್ತೇನೆ ತಾಯಿ ಎಂದು ನಡುರಸ್ತೆಯಲ್ಲಿ ಇಳಿದುಬಿಟ್ಟ ಮುದುಕ ನೆನಪಾದ. ಅವರ ಕಾಲಲ್ಲಾಗಲಿ ಕಿವಿಯಲ್ಲಾಗಲಿ ಯಾವ ಐಬೂ ಇರಲಿಲ್ಲ. ತನ್ನ ಮೇಲೇ ಅವಳಿಗೆ ಅಸಹ್ಯವಾಗುವಷ್ಟು ಸಿಟ್ಟು ಬಂತು. ಆ ಸಿಟ್ಟನ್ನು ಬೈದು ತೀರಿಸಿಕೊಳ್ಳುವ ದಾರಿ ಅವಳಿಗೆ ತಿಳಿಯಲಿಲ್ಲ.

ಮರದ ಕೆಳಗಿಂದ ತಮ್ಮ ಹೆದರುತ್ತಲೇ ಬಂದು ನಾಲ್ಕು ಮಾರು ದೂರದಲ್ಲೇ ನಿಂತ. "ಅಕ್ಕ, ಪರೀಕ್ಷೆ ಆಯ್ತಲ್ಲ. ಅಂಥದೇ ಹಳೇ ಡಬ್ಬಿ ಒಂದು ನನ್ನ ಗೆಳೆಯನ ಹತ್ರ ಇದ್ಯಂತೆ. ಇದನ್ನ ಬಿಚ್ಚಿಬಿಡ್ಲಾ?"

"ಬೇಡ. ಇರ್ಲಿ," ಎಂದಳು.

ಎಷ್ಟು ಮೆಲ್ಲಗೆ ಹೇಳಿದಳೆಂದರೆ, ಅವನು ಹತ್ತಿರ ಬಂದು "ಏನಂದೆ ಅಕ್ಕ?" ಎಂದು ಇನ್ನೊಮ್ಮೆ ಕೇಳಬೇಕಾಯಿತು.