ಕೇಳುವ ಮೊದಲೇ ಬಡಿಸುವವನು

ಘಾಟ್ಕೋಪರ್ ಸ್ಟೇಷನ್ ಪಕ್ಕ ನನ್ನದೊಂದು ಹೋಟೆಲು. ಉಡುಪಿ ಕಡೆಯವರು ಮುಂಬಯಿಯಲ್ಲಿ ಇನ್ನೆಂತ ಮಾಡುತ್ತಾರೆ ಮಾರಾಯ್ರೇ? ಅಪ್ಪ ಕಲಿಸಿದ ವಿದ್ಯೆ ಒಂದೇ: ಗಿರಾಕಿ ಬಾಯಿ ತೆರೆಯುವ ಮೊದಲೇ ಅವನಿಗೆ ಬೇಕಾದದ್ದು ಮೇಜಿನ ಮೇಲಿರಬೇಕು. ಕೂತ ಕೂಡಲೇ ನೀರು, ಇಡ್ಲಿ ಅರ್ಧ ಆಗುವಾಗ ಮತ್ತೊಂದು ಸೌಟು ಸಾಂಬಾರು. "ಸಾಂಬಾರ್ ಲಾವೋ" ಅಂತ ಯಾರಾದರೂ ಕೂಗಿದರೆ ಸಪ್ಲಾಯರಿಗಿಂತ ಮೊದಲು ನನಗೆ ಅವಮಾನ.

ಈ ವಿದ್ಯೆಯನ್ನು ಮನೆಗೂ ತಂದೆ. ಮಗಳಿಗೆ ಆಗ ಮೂರು ವರ್ಷ, ಒಂದು ಮಾತೂ ಬರುತ್ತಿರಲಿಲ್ಲ. ಕರೆದರೆ ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದೂ ಇಲ್ಲ. ಆದರೇನಂತೆ? ಫ್ರಿಜ್ಜಿನ ಬಳಿ ನಿಂತರೆ ಹಾಲು, ಬಾಗಿಲ ಬಳಿ ನಿಂತರೆ ಹೆಗಲ ಮೇಲೆ ಸವಾರಿ. ಡಾಕ್ಟರು ಆಟಿಸಂ ಅಂದಾಗ, "ನಮ್ಮ ಮನೆತನದಲ್ಲಿ ಎಲ್ಲರಿಗೂ ಮಾತು ತಡ" ಎಂದು ಅವರಿಗೇ ಪಾಠ ಹೇಳಿ ಬಂದೆ. ಹೆಂಡತಿ ಮಾತ್ರ ಕೇಳಿದಳು: "ನಾವಿಲ್ಲದಾಗ ಅವಳಿಗೆ ಬಾಯಾರಿದರೆ ಯಾರಿಗೆ ಹೇಗೆ ಹೇಳುತ್ತಾಳೆ?" ಆಗ ನನಗೂ ಹೆದರಿಕೆ ಆಯಿತು.

ಅವಳೇ ವಡಾಲದಲ್ಲಿ ಒಂದು ಕ್ಲಾಸು ಹುಡುಕಿದಳು. ಕಾಲನಿಯೊಂದರಲ್ಲಿ ನೆಲಮಹಡಿಯ ಫ್ಲ್ಯಾಟು, ಒಬ್ಬರು ಟೀಚರ್, ನಾಲ್ಕೇ ಮಕ್ಕಳು. ನನಗೆ ಉರಿದುಹೋಯಿತು. ನನ್ನ ಮಗಳಿಗೆ ಶೇರಿಂಗ್ ಟೇಬಲ್ಲಾ? ಪ್ರತ್ಯೇಕ ಟೀಚರ್ ಬೇಕು ಎಂದೆ. ಟೀಚರ್ ಮರಾಠಿಯವರು, ಹಿಂದಿಯಲ್ಲಿ ಸಮಾಧಾನವಾಗಿ ಹೇಳಿದರು: "ನಾನೊಬ್ಬಳೇ ಕಲಿಸಿದರೆ ನನ್ನ ಜೊತೆ ಇರುವುದನ್ನು ಕಲಿಯುತ್ತಾಳೆ, ಸರ್. ಮಕ್ಕಳ ಜೊತೆ ಇರುವುದನ್ನು ಮಕ್ಕಳೇ ಕಲಿಸಬೇಕು. ನಿಮ್ಮ ಮಗಳು ಬೇರೆ ಮಕ್ಕಳನ್ನು ಕದ್ದು ನೋಡುತ್ತಾಳೆ, ಗಮನಿಸಿದ್ದೀರಾ?" ನಾನು ಗಮನಿಸಿರಲಿಲ್ಲ.

ಮೊದಲ ದಿನ ತಿಂಡಿಯ ಹೊತ್ತು. ಅಪ್ಪ ಅಮ್ಮಂದಿರು ಗೋಡೆಗೆ ಒರಗಿ ಕೂತಿದ್ದೆವು. ಟೀಚರ್ ಬಾಳೆಹಣ್ಣಿನ ಚೂರುಗಳನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಮೇಜಿನ ಮೇಲಿಟ್ಟು ಸುಮ್ಮನೆ ಕೂತರು. ಹಣ್ಣಿನ ಚಿತ್ರದ ಕಾರ್ಡು ಎತ್ತಿಕೊಟ್ಟ ಮಗುವಿಗೆ ಒಂದು ಚೂರು, ಅದು ಅಲ್ಲಿಯ ಕಾನೂನು. ನಾಲ್ಕು ಗಿರಾಕಿ, ನಾಲ್ಕು ಖಾಲಿ ತಟ್ಟೆ, ಎದುರಿಗೇ ಮಾಲು, ಬಡಿಸುವವರಿಲ್ಲ! ಎರಡು ನಿಮಿಷ ತಡೆದೆ. ಆಮೇಲೆ ಎದ್ದುಹೋಗಿ ಡಬ್ಬಿ ತೆರೆದು, ನಾಲ್ಕೂ ತಟ್ಟೆಗೆ ಫಟಾಫಟ್ ಬಡಿಸಿ, ಟೀಚರ್ ಕೈಗೂ ಎರಡು ಚೂರು ಕೊಟ್ಟು ಬಂದೆ. ಹೆಂಡತಿ ತಲೆ ತಗ್ಗಿಸಿದಳು.

"ಸರ್, ನಿಮ್ಮ ಸರ್ವಿಸ್ ಫಸ್ಟ್ ಕ್ಲಾಸ್," ಎಂದರು ಟೀಚರ್. "ಆಟಿಸಂ ನಿಮ್ಮಿಂದ ಬಂದದ್ದಲ್ಲ, ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಆದರೆ ಇವತ್ತು ಅವಳಿಗೆ ಕೇಳಲಿಕ್ಕೆ ಒಂದು ಅವಕಾಶ ಇತ್ತು. ಅದು ಹೋಯಿತು."

ವಾಪಸ್ ಲೋಕಲ್‌ನಲ್ಲಿ ಕುರ್ಲಾ ಬರುವವರೆಗೂ ಬೈದೆ. ಇಪ್ಪತ್ತು ವರ್ಷ ಅರ್ಧ ಘಾಟ್ಕೋಪರಿನ ಹೊಟ್ಟೆ ತುಂಬಿಸಿದವನಿಗೆ ಬಡಿಸಬೇಡ ಅನ್ನಲು ಇವರು ಯಾರು? ಹೆಂಡತಿ ಎಲ್ಲ ಕೇಳಿಸಿಕೊಂಡು, "ನಾಳೆ ಬರುವುದಾದರೆ ಕೈಕಟ್ಟಿ ಕೂತ್ಕೊಳ್ಳಿ" ಎಂದಳು.

ಕೂತೆ. ತಿಂಗಳುಗಟ್ಟಲೆ ಕೂತೆ. ಬೆಳಗಿನ ರಶ್ಶಿನಲ್ಲಿ ಗಲ್ಲಾ ಬಿಟ್ಟು ಬಂದು, ಮಕ್ಕಳು ಕಾಯುವುದನ್ನು ನೋಡುತ್ತಾ ಕೂತೆ. ಪಕ್ಕದ ಹುಡುಗ ಕಾರ್ಡು ಕೊಟ್ಟು ಹಣ್ಣು ಪಡೆಯುವುದನ್ನು ಮಗಳು ಓರೆಗಣ್ಣಲ್ಲಿ ನೋಡುತ್ತಿದ್ದಳು. ಒಂದು ದಿನ ತಾನೂ ಕಾರ್ಡು ಎತ್ತಿದಳು. ಕೊಟ್ಟದ್ದು ಟೀಚರಿಗಲ್ಲ, ಆ ಹುಡುಗನಿಗೆ! ಪುಣ್ಯಾತ್ಮ ಗಂಭೀರವಾಗಿ ತನ್ನ ತಟ್ಟೆಯಿಂದಲೇ ಒಂದು ಚೂರು ಕೊಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ?

ಆಮೇಲೆ ಟೀಚರನ್ನು ಕೇಳಿದಳು. ಮನೆಯಲ್ಲಿ ಅಮ್ಮನಿಗೆ ಲೋಟದ ಚಿತ್ರ ಕೊಟ್ಟು ನೀರು ಕೇಳಿದಳು. ನನ್ನನ್ನು ಮಾತ್ರ ಇಲ್ಲ. ಅಷ್ಟು ಹೊತ್ತಿಗೆ ಮಕ್ಕಳು ಹೊಂದಿಕೊಂಡರೆಂದು ಉಳಿದ ಅಪ್ಪ ಅಮ್ಮಂದಿರೆಲ್ಲ ಹೊರಗಿನ ಬೆಂಚಿಗೆ ಹೋಗಿದ್ದರು. ಇವತ್ತಾದರೂ ನನ್ನನ್ನು ಕೇಳಿಯಾಳು ಎಂದು ನಾನೊಬ್ಬನೇ ಒಳಗೆ ಅಂಟಿಕೊಂಡಿದ್ದೆ.

ಒಂದು ದಿನ ಆಟದ ಮಧ್ಯೆ ಎದ್ದಳು. ಕಾರ್ಡುಗಳನ್ನು ಅಂಟಿಸಿದ್ದ ಹಲಗೆಯಿಂದ ಒಂದನ್ನು ಕಿತ್ತು ಸೀದಾ ನನ್ನ ಬಳಿ ಬಂದು, ಅಂಗೈಯಲ್ಲಿಟ್ಟು, ಮುಖ ನೋಡಿದಳು. ಏನು ಕೇಳಿದರೂ ತಂದುಕೊಡಲು ನಾನು ಎದ್ದೇಬಿಟ್ಟಿದ್ದೆ. ಕಾರ್ಡಿನಲ್ಲಿದ್ದದ್ದು ಬೀಸುವ ಕೈ. ಕ್ಲಾಸು ಬಿಡುವಾಗ ಮಕ್ಕಳು ಟೀಚರಿಗೆ ಕೊಡುವ ಟಾಟಾ ಕಾರ್ಡು. ಮಗಳು ಬಾಗಿಲ ಕಡೆ ನೋಡಿದಳು, ಮತ್ತೆ ನನ್ನ ಕಡೆ ನೋಡಿದಳು, ಹೋಗಿ ಆ ಹುಡುಗನ ಪಕ್ಕ ಕೂತಳು.

ಟೀಚರ್ ನಗು ತಡೆದುಕೊಂಡು, "ಕೇಳಿದ್ದನ್ನು ಕೂಡಲೇ ಕೊಡಬೇಕು, ಸರ್," ಎಂದರು.

ಹೊರಗೆ ಬಂದು ಚಪ್ಪಲಿಗಳ ನಡುವೆ ನಿಂತು ಅತ್ತೆ. ಬೆಂಚಿನಲ್ಲಿದ್ದ ಹೆಂಡತಿ ಗಾಬರಿಯಿಂದ ಓಡಿಬಂದಳು.

"ಕೇಳಿದಳು ಮಾರಾಯ್ತಿ," ಎಂದೆ. "ನನ್ನನ್ನೇ ಕೇಳಿದಳು. ಹೊರಗೆ ಹೋಗು ಅಂದಳು."