ಆರು ಗಂಟೆಯ ಹಕ್ಕಿ

ನಿವೃತ್ತಿಯ ದಿನ ಶಾಲೆಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಮರುದಿನ ನಾನು ಹುಬ್ಬಳ್ಳಿಗೆ ಹೋಗಿ ನನಗೆ ನಾನೇ ಒಂದು ಸೂಪರ್‌ಜೂಮ್ ಕ್ಯಾಮೆರಾ ಕೊಡಿಸಿಕೊಂಡೆ. ನೋಡಲು ಸಣ್ಣದು, ಹೊರಲು ಹಗುರ. ಗುಂಡಿ ಒತ್ತಿದರೆ ಗುರ್ ಎನ್ನುತ್ತ ಮೂತಿ ಮುಂದಕ್ಕೆ ಚಾಚಿಕೊಂಡು, ನಾಲ್ಕು ಹೊಲದಾಚೆ ತಂತಿಯ ಮೇಲೆ ಕೂತ ನೀಲಕಂಠವನ್ನು ಮೂಗಿನೆದುರಿಗೆ ತಂದು ನಿಲ್ಲಿಸುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಬೀಜಗಣಿತ ಹೇಳಿದವಳಿಗೆ ಇದು ಜಾದೂ ಅನ್ನಿಸಿತು.

ಜೊತೆಗೆ ಬರಲು ವೈನಿ ಸಿಕ್ಕರು. ಅವರು ನನ್ನ ಅಣ್ಣನ ಹೆಂಡತಿ. ಅಣ್ಣನಿಗೆ ಪ್ರವಾಸವೆಂದರೆ ಆಗದು, ವೈನಿಗೆ ಮನೆಯೆಂದರೆ ಆಗದು. ಹಕ್ಕಿಗಳ ಬಗ್ಗೆ ಅವರಿಗೆ ಒಲವೂ ಇಲ್ಲ, ದ್ವೇಷವೂ ಇಲ್ಲ. ತೊಂದರೆ ಒಂದೇ: ಅವರು ಸುಮ್ಮನಿರಲಾರರು. ನಾನು ಉಸಿರು ಬಿಗಿಹಿಡಿದು ಮಿಂಚುಳ್ಳಿಯ ಕಡೆ ಕ್ಯಾಮೆರಾ ತಿರುಗಿಸುವಷ್ಟರಲ್ಲಿ, "ಅಯ್ಯ, ಎಷ್ಟ್ ಚಂದ ಐತಲ್ಲ!" ಅನ್ನುವ ಅವರ ದನಿಗೆ ಮಿಂಚುಳ್ಳಿ ಹಾರಿ ಹಳ್ಳದಾಚೆ ಸೇರಿರುತ್ತಿತ್ತು.

ಕಳೆದ ಜನವರಿಯಲ್ಲಿ ನಾವಿಬ್ಬರೂ ತಮಿಳುನಾಡಿನ ದಿಂಡಿಗಲ್‌ನಲ್ಲಿ ರೈಲಿಳಿದು, ಬಸ್ಸು ಹಿಡಿದು ತೇನಿ ದಾಟಿ ಕಂಬಂಗೆ ಹೋದೆವು. ನನಗೆ ಬೇಕಾಗಿದ್ದದ್ದು ನವರಂಗ. ಚಳಿಗಾಲದಲ್ಲಿ ಉತ್ತರದಿಂದ ಇಳಿದು ಬರುವ, ಮೋಟು ಬಾಲದ, ಮೈಮೇಲೆ ಒಂಬತ್ತು ಬಣ್ಣವಿದೆಯೆಂದು ಹೆಸರಾದ ಹಕ್ಕಿ. ಆದರೆ ಇಷ್ಟೆಲ್ಲ ಬಣ್ಣ ಹೊತ್ತುಕೊಂಡು ಅದು ಪೊದೆಯ ಕೆಳಗಿನ ಕತ್ತಲಲ್ಲಿ ತರಗೆಲೆ ಕೆದಕುತ್ತ ಓಡಾಡುತ್ತದೆ. ಎರಡು ವರ್ಷದಿಂದ ಹುಡುಕಿದ್ದೆ. ಒಮ್ಮೆ ದಾಂಡೇಲಿಯಲ್ಲಿ ಅದರ ಬೆನ್ನು ಕಂಡಿತ್ತು, ಅಷ್ಟೇ.

ಮೂರು ದಿನ ತಿರುಗಿದೆವು. ಕಳ್ಳಿಪೀರಗಳು ತಂತಿಯ ಮೇಲೆ ಸಾಲಾಗಿ ಕೂತು ಪೋಸು ಕೊಟ್ಟವು. ತೆಂಗಿನ ಗರಿಯಲ್ಲಿ ಮರಕುಟಿಗ ಸಿಕ್ಕಿತು. ನವರಂಗ ಮಾತ್ರ ಇಲ್ಲ. ಮೊಬೈಲಿನಲ್ಲಿ ಅದರ ಚಿತ್ರ ಇಟ್ಟುಕೊಂಡು ಸಿಕ್ಕಸಿಕ್ಕವರಿಗೆ ತೋರಿಸಿದೆ. ಎಲ್ಲರೂ ಚಂದದ ಹಕ್ಕಿ ಎಂದು ತಲೆದೂಗಿದರೇ ಹೊರತು ಕಂಡೆ ಅಂದವರಿಲ್ಲ.

ಮೂರನೆಯ ಮಧ್ಯಾಹ್ನ ಊರ ಹೊರಗಿನ ಒಂದು ಟೀ ಅಂಗಡಿಯಲ್ಲಿ ಕೂತಿದ್ದೆವು. ಎದುರಿಗೆ ದ್ರಾಕ್ಷಿ ಪಂದಲು, ಅಂದರೆ ಕಲ್ಲುಕಂಬ ನೆಟ್ಟು ತಲೆಯ ಮೇಲೆ ಚಪ್ಪರದಂತೆ ಬಳ್ಳಿ ಹಬ್ಬಿಸಿದ ತೋಟ. ವೈನಿ ನನ್ನನ್ನು ಬೈಯುತ್ತಿದ್ದರು. "ಆ ಹಕ್ಕಿ ನಿನ್ನ ಕಣ್ಣಿಗೆ ಬೀಳಬಾರದಂತ ಆಣಿ ಮಾಡೈತಿ. ನಾಳೆ ಪಳನಿಗೆ ಹೋಗೂಣು, ದೇವರಾದ್ರೂ ಕಾಣಸ್ತಾನ."

ಪಕ್ಕದ ಬೆಂಚಿನಲ್ಲಿದ್ದ ಮುದುಕಿ ತಿರುಗಿ ನೋಡಿದರು. ಎಪ್ಪತ್ತು ದಾಟಿರಬೇಕು. ಮೂಗಿನ ಎರಡೂ ಕಡೆ ಮೂಗುತಿ, ಹೆಗಲ ಮೇಲೆ ಟವೆಲ್ಲು.

"ನೀವು ಕನ್ನಡವಾ? ನಾಂವೂ ಕನ್ನಡಂದಾ ಮನೇಲಿ ಪೇಸದು," ಅಂದರು.

ಮನೆಯಲ್ಲಿ ಆಡುವುದು ಕನ್ನಡವೇ ಅಂತೆ! ನಾನು ಬೆರಗಾದೆ. ಅವರ ಹಿರಿಯರು ಯಾವ ಕಾಲಕ್ಕೋ ಅಲ್ಲಿಗೆ ಬಂದು ಬೇಸಾಯಕ್ಕೆ ನಿಂತವರಂತೆ. ಅವರ ಕನ್ನಡದಲ್ಲಿ ಅರ್ಧ ತಮಿಳು, ಉಳಿದರ್ಧ ನಮ್ಮ ಮುತ್ತಜ್ಜಿಯರು ಆಡಿರಬಹುದಾದ ಮಾತು. ಅವರು ನನ್ನ ಕೊರಳಿನ ಕ್ಯಾಮೆರಾ ನೋಡಿ ಕೇಳಿದರು: "ಅಕ್ಕಿ ನೋಡಕ್ಕಾ ಇಷ್ಟು ದೂರ ಬಂದ್ರಿ?"

"ಅಕ್ಕಿ ನೋಡಾಕ ಯಾಕ ಬರ್ತೇವ್ರಿ?" ವೈನಿ ಅಂದರು. "ನಮ್ಮ ಕಡೆ ಬೇಕಾದಷ್ಟು ಸಿಗತೈತಿ. ಸಣ್ಣಕ್ಕಿ, ದಪ್ಪಕ್ಕಿ, ಎಲ್ಲಾ."

ಮುದುಕಿ ಎರಡೂ ತೋಳು ಎತ್ತಿ ರೆಕ್ಕೆಯಂತೆ ಬಡಿದರು. ಅವರ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಮೂವರೂ ನಕ್ಕ ನಗೆಗೆ ಟೀ ಅಂಗಡಿಯವನು ಸೌಟು ಹಿಡಿದುಕೊಂಡೇ ಹೊರಗೆ ಬಂದ.

ನಾನು ಮೊಬೈಲಿನ ಚಿತ್ರ ತೋರಿಸಿದೆ. ಇಂಥದ್ದನ್ನು ಕಂಡೇ ಇಲ್ಲ ಅಂದರು. ಚಿತ್ರ ಒಳಗಿಟ್ಟು, ತುಟಿ ಮುಂದೆ ಮಾಡಿ ಅದರ ಕೂಗನ್ನು ಸಿಳ್ಳೆ ಹಾಕಿದೆ. ಒಂದು ಎತ್ತರದ ಎಳೆ, ಹಿಂದೆಯೇ ಇಳಿಯುವ ಇನ್ನೊಂದು.

"ಅಡ! ಅದು ಆರುಮಣಿ ಕುರುವಿ!" ಅಂದರು, ಅಂದರೆ ಆರು ಗಂಟೆಯ ಹಕ್ಕಿ. "ನಮ್ಮ ಮನೆ ಇಂದೆ ಬೇಲಿಯಾಗೇ ಅದೆ. ಸಾಯಂಕಾಲ ಆರು ಮಣಿಗೆ ಕರೆಟ್ಟಾ ಕೂಗ್ತದೆ. ನಾನು ಆಡಿಗೆ ನೀರು ಇಡೋದೇ ಅದು ಕೂಗಿದ ಮೇಲೆ."

"ನೋಡೀರೇನು ಅದನ್ನ?" ಅಂದೆ.

"ನೋಡದೆ ಏನು? ಮಣ್ಣು ಬಣ್ಣ. ಗುಂಡಗೆ, ಇಲಿ ಮಾದ್ರಿ ಓಡ್ತದೆ. ನಿನ್ನ ಪಟದಾಗಿರೋ ಮಾರಾಣಿ ಅಲ್ಲ ಅದು."

ನನಗೆ ಅನುಮಾನವಾಯಿತು, ಆಸೆಯೂ ಆಯಿತು. ಅವರ ಹಿಂದೆಯೇ ಹೊರಟೆವು.

ಮನೆ ದ್ರಾಕ್ಷಿ ತೋಟದ ಅಂಚಿನಲ್ಲಿತ್ತು. ಹಿತ್ತಿಲಲ್ಲಿ ಆಡಿನ ದೊಡ್ಡಿ, ನಿಂಬೆಗಿಡ, ಅದರಾಚೆ ಹಳೆಯ ಬೇಲಿ, ಬೇಲಿಯ ಬುಡದಲ್ಲಿ ವರ್ಷಗಳಿಂದ ಬಿದ್ದು ಕೊಳೆತ ತರಗೆಲೆ. ಸೊಸೆ ಕಾಫಿ ತಂದುಕೊಟ್ಟಳು. ವೈನಿ ದ್ರಾಕ್ಷಿ ತುಂಬುವ ಪ್ಲಾಸ್ಟಿಕ್ ಕ್ರೇಟು ಮಗುಚಿ ಹಾಕಿಕೊಂಡು ಬೇಲಿಯ ಹತ್ತಿರ ಕೂತರು. ನಾನು ಅವರ ಹಿಂದೆ ನಿಂಬೆಗಿಡದ ಮರೆಯಲ್ಲಿ ಮಂಡಿಯೂರಿ, ಬೇಲಿಯ ದೂರದ ತುದಿಗೆ ಕ್ಯಾಮೆರಾ ಹೂಡಿ, ಜೂಮನ್ನು ಪೂರ್ತಿ ಎಳೆದು ಕಾದೆ.

ಆರಕ್ಕೆ ಹತ್ತು ನಿಮಿಷವಿರುವಾಗ ಕೂಗು ಕೇಳಿತು. ಅದೇ!

ಎರಡನೆಯ ಕೂಗು ಇನ್ನೂ ಹತ್ತಿರದಿಂದ ಬಂತು. ನಾನು ದೂರದ ತುದಿಯನ್ನೇ ನೋಡುತ್ತಿದ್ದೆ. ಮುದುಕಿ ನನ್ನ ಭುಜ ತಿವಿದು ಗದ್ದದಿಂದ ತೋರಿಸಿದರು. ನವರಂಗ ಬೇಲಿಯಿಂದ ಹೊರಬಂದು, ಕುಪ್ಪಳಿಸಿ ಕುಪ್ಪಳಿಸಿ, ವೈನಿಯ ಹೆಬ್ಬೆರಳಿನಿಂದ ಎರಡು ಗೇಣು ದೂರದಲ್ಲಿ ಎಲೆ ಮಗುಚುತ್ತಿತ್ತು.

ವೈನಿ ಕಲ್ಲಾಗಿದ್ದರು. ಕಾಫಿ ಲೋಟ ತುಟಿಗೂ ತೊಡೆಗೂ ನಡುವೆ ಗಾಳಿಯಲ್ಲಿ ನಿಂತಿತ್ತು. ಬಾಯಿ ಅರ್ಧ ತೆರೆದಿತ್ತು, ಮಾತು ಮಾತ್ರ ಬರಲಿಲ್ಲ. ಮೂವತ್ತೈದು ವರ್ಷದಲ್ಲಿ ಅವರನ್ನು ಹಾಗೆ ಕಂಡದ್ದು ಅದೇ ಮೊದಲು.

ಕ್ಯಾಮೆರಾ ತಿರುಗಿಸಿದೆ. ಪರದೆಯ ತುಂಬ ಹಸಿರು ಮಂಜು. ಪೂರ್ತಿ ಜೂಮಿನಲ್ಲಿ ಈ ಕ್ಯಾಮೆರಾಕ್ಕೆ ಹತ್ತಿರದ್ದು ಕಾಣುವುದಿಲ್ಲವೆಂಬುದು ಆಗ ನೆನಪಾಯಿತು. ಎರಡು ವರ್ಷ ದೂರದ ಹಕ್ಕಿಗಾಗಿ ಪರದಾಡಿದ ನನಗೆ ಈಗ ಹಕ್ಕಿ ತೀರಾ ಹತ್ತಿರವಾಗಿಬಿಟ್ಟಿತ್ತು! ಜೂಮ್ ಹಿಂದಕ್ಕೆ ಎಳೆದರೆ ಗುರ್ ಎಂಬ ಸದ್ದು. ಹಕ್ಕಿ ತಲೆಯೆತ್ತಿತು. ನಾನು ಕೈ ಬಿಟ್ಟೆ. ಅದು ಮತ್ತೆ ಎಲೆ ಮಗುಚಿತು. ಇನ್ನಷ್ಟು ಎಳೆದೆ, ಮತ್ತೆ ನಿಂತೆ. ಹೀಗೆ ಇಂಚಿಂಚಾಗಿ ಹಿಂದೆ ಬಂದಾಗ, ಪರದೆಯ ಮಂಜು ಕರಗಿ ಹಕ್ಕಿ ಮೂಡಿತು. ಒತ್ತಿದೆ, ಒತ್ತಿದೆ, ಒತ್ತುತ್ತಲೇ ಹೋದೆ. ಒಂದು ಎರೆಹುಳ ಎಳೆದುಕೊಂಡು ಅದು ಬೇಲಿಯೊಳಗೆ ನುಗ್ಗಿತು.

"ಅವ್ವ!" ವೈನಿ ಉಸಿರು ಬಿಟ್ಟರು. "ಕಾಲು ಜೋಂಪು ಹಿಡದೈತಿ, ಎಬ್ಬಿಸ್ರಿ ನನ್ನ!"

ನಲವತ್ತಕ್ಕೂ ಹೆಚ್ಚು ಚಿತ್ರ ತೆಗೆದಿದ್ದೆ. ಬೆಳಕು ಸಾಲದೆ ಬಹಳಷ್ಟು ಚಿತ್ರಗಳಲ್ಲಿ ರವೆ ಚೆಲ್ಲಿದ ಹಾಗೆ ಕಾಳುಕಾಳು. ಕೆಲವುಗಳಲ್ಲಿ ವೈನಿಯ ಹೆಬ್ಬೆರಳು ಮಾತ್ರ ಸ್ಪಷ್ಟ. ಒಂದೇ ಒಂದು ಚಿತ್ರದಲ್ಲಿ ಹಕ್ಕಿ ಪಕ್ಕಕ್ಕೆ ತಿರುಗಿ, ನಿಂಬೆಗಿಡದ ಸಂದಿನಿಂದ ಬಿದ್ದ ಕೊನೆಯ ಬಿಸಿಲಿನಲ್ಲಿ ನಿಂತಿತ್ತು. ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ ಮುದುಕಿಯ ಕೈಗೆ ಕೊಟ್ಟೆ.

ಹಸಿರು ಬೆನ್ನು, ಹೆಗಲ ಮೇಲೆ ಮಿನುಗುವ ನೀಲಿ ತುಂಡು, ಕಣ್ಣಿನ ಕಪ್ಪು ಪಟ್ಟಿ, ಗೋಧಿ ಬಣ್ಣದ ಎದೆ, ಬಾಲದ ಕೆಳಗೆ ಕುಂಕುಮ ಸುರಿದ ಕೆಂಪು. ಅವರು ಒಂದೊಂದರ ಮೇಲೂ ಬೆರಳಿಟ್ಟರು. ಆಮೇಲೆ ಬೇಲಿಯ ಕಡೆ ತಿರುಗಿ ಗದರಿದರು.

"ಏ ಕಳ್ಳೀ! ಇಷ್ಟು ಕಾಲ ಪಟ್ಟು ಸೀರೆ ಉಟ್ಕೊಂಡು ನನ್ನ ಮನೆ ಇಂದೆ ಅವಿತ್ಕೊಂಡಿದ್ಯಾ? ನನಗೊಂದು ಮಾತು ಏಳಬಾರದಾ?"

ಆಮೇಲೆ ಹಿತ್ತಿಲು ತುಂಬಿತು. ಸೊಸೆ ಬಂದಳು, ಪಕ್ಕದ ಮನೆಯವರು ಬಂದರು, ತೋಟದಿಂದ ಮಗ ಬಂದ. ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ನೋಡಿದವರೆಲ್ಲ ಬೇಲಿಯ ಕಡೆಗೊಮ್ಮೆ ಇಣುಕಿದರು. ಕೊನೆಗೆ ಮಗ ತಲೆ ಕೆರೆದುಕೊಂಡು, ಬರುವ ವಾರ ಆ ಬೇಲಿಯನ್ನು ಜೆಸಿಬಿಯಿಂದ ಕೀಳಿಸಿ ಸಿಮೆಂಟಿನ ಕಂಬ ನೆಡಿಸಲು ಹೇಳಿಬಿಟ್ಟಿದ್ದೇನಲ್ಲ ಅಂದ.

"ಬೇಲಿ ಮುಟ್ಟು ನೋಡನ," ಅಂದರು ಮುದುಕಿ. "ನಿನಗೆ ಅನ್ನ ಆಕಕ್ಕೆ ಬೇರೆ ಮನೆ ನೋಡ್ಕೋ."

ಮಗ ಅಲ್ಲೇ ಫೋನು ತೆಗೆದು ಜೆಸಿಬಿಯವನಿಗೆ ತಮಿಳಿನಲ್ಲಿ ಬರಬೇಡ ಎಂದ. ಸೊಸೆ ಮುಖ ಆ ಕಡೆ ಮಾಡಿಕೊಂಡು ನಕ್ಕಳು. ನಮಗೆ ಊಟ ಮಾಡದೆ ಹೊರಡುವ ಅಪ್ಪಣೆ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಕಂಬಂನ ಸ್ಟುಡಿಯೋದಲ್ಲಿ ಆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿಕೊಂಡು ಅವರ ಮನೆಗೆ ಕೊಟ್ಟುಬರಲು ಹೋದೆವು. ಮುದುಕಿ ಅದನ್ನು ಎಲ್ಲಿ ಹಾಕುವುದೆಂದು ಮನೆಯೆಲ್ಲ ತಿರುಗಿ ನೋಡಿದರು. ದೇವರ ಪಟಗಳ ಸಾಲಿನಲ್ಲಿ ಜಾಗವಿತ್ತು, ಬೇಡವೆಂದರು. ಟಿವಿಯ ಮೇಲೂ ಬೇಡ. ಕೊನೆಗೆ ಅಡಿಗೆಮನೆಯ ಕಿಟಕಿಯ ಪಕ್ಕ, ನಿಂತು ಸಾಂಬಾರು ತಿರುವುವಾಗ ಕಾಣುವಂತೆ, ಸೊಸೆಯ ಕೈಯಲ್ಲಿ ಮೊಳೆ ಹೊಡೆಸಿದರು. ಹೊರಡುವಾಗ ನಮ್ಮ ಮಡಿಲಿಗೆ ಪನ್ನೀರ್ ಎಂಬ ಜಾತಿಯ ಕಪ್ಪು ದ್ರಾಕ್ಷಿಯ ಒಂದು ಕ್ರೇಟು ಬಂತು.

ದಿಂಡಿಗಲ್ ಬಸ್ಸಿನಲ್ಲಿ ಆ ಕ್ರೇಟನ್ನು ಎಲ್ಲಿ ಇಡುವುದೆಂದೇ ದೊಡ್ಡ ಚಿಂತೆಯಾಯಿತು. ವೈನಿ ತಮ್ಮ ಕಾಲ ಬಳಿ ಇಟ್ಟುಕೊಂಡು, ಅಕ್ಕಪಕ್ಕದವರಿಗೆಲ್ಲ ಗೊಂಚಲು ಗೊಂಚಲು ಹಂಚುತ್ತ, ಪಕ್ಕದ ಸೀಟಿನ ಹೆಂಗಸಿಗೆ ಧಾರವಾಡದ ಕನ್ನಡದಲ್ಲಿ ಹಕ್ಕಿಯ ಕಥೆ ಹೇಳಿದರು. ಆಕೆ ತಮಿಳಿನಲ್ಲಿ ತನ್ನ ಮಗಳ ಬಾಣಂತನದ ಕಥೆ ಹೇಳಿದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ತೇನಿ ಬರುವತನಕ ಇಬ್ಬರೂ ನಿಲ್ಲಿಸಲಿಲ್ಲ. ನಾನು ಕಿಟಕಿಗೆ ತಲೆಯಾನಿಸಿ, ಮಡಿಲಲ್ಲಿ ಕ್ಯಾಮೆರಾ ಇಟ್ಟುಕೊಂಡು ಹಾಯಾಗಿ ನಿದ್ದೆ ಹೋದೆ.