ಅಪ್‌ಡೇಟ್ ಆಗುವಾಗ ಗುಡುಗಿತು

ನಮ್ಮ ಮನೆಯಲ್ಲಿ ಬೆಳಗಿನ ಪತ್ರಿಕೆಯನ್ನು ಕಂಪ್ಯೂಟರ್ ಓದುತ್ತದೆ, ಮಾವ ಕೇಳುತ್ತಾರೆ. ಕಣ್ಣಿನ ನಡುಭಾಗಕ್ಕೆ ಮಸುಕು ಬಂದ ಮೇಲೆ ಅವರಿಗೆ ಬಾಗಿಲು, ಕುರ್ಚಿ, ಎದುರಿಗೆ ಬಂದವರ ಆಕಾರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಇದಕ್ಕೆ ಕನ್ನಡಕವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನನ್ನವರು ತೋಟದ ಕೆಲಸಕ್ಕೆಂದು ತಂದಿದ್ದ ಕಂಪ್ಯೂಟರನ್ನು ಹಜಾರದ ಕಿಟಕಿ ಪಕ್ಕಕ್ಕೆ ಇಡಿಸಿ, ಪರದೆಯ ಮೇಲಿನ ಬರಹವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುವ ಏರ್ಪಾಡು ಮಾಡಿಸಿದರು. ಕೀಬೋರ್ಡಿನ ಎರಡು ಗುಂಡಿಗಳ ಮೇಲೆ ನಾನು ಸ್ಟಿಕ್ಕರ್ ಬಿಂದಿ ಅಂಟಿಸಿದೆ. ದೊಡ್ಡ ಬಿಂದಿ ಒತ್ತಿದರೆ ಪತ್ರಿಕೆ ತೆರೆದು ಓದು ಶುರುವಾಗುತ್ತದೆ, ಸಣ್ಣದನ್ನು ಒತ್ತಿದರೆ ನಿಲ್ಲುತ್ತದೆ. ಬೆರಳ ತುದಿಗೆ ಬಿಂದಿಯ ಅಂಚು ಸಿಕ್ಕಿದರೆ ಮಾವನಿಗೆ ಇನ್ಯಾರೂ ಬೇಡ.

ಆ ದನಿ ಗಂಡಸಿನದು. ವಯಸ್ಸು ಎಷ್ಟೆಂದು ಹೇಳಲು ಬರುವುದಿಲ್ಲ. ಸಾವಿನ ಸುದ್ದಿಯನ್ನೂ ಕ್ರಿಕೆಟ್ಟನ್ನೂ ಒಂದೇ ರಾಗದಲ್ಲಿ ಓದುತ್ತದೆ. ಜಾಹೀರಾತಿನಲ್ಲಿ ಬರುವ ಮೊಬೈಲ್ ನಂಬರನ್ನು ಕೋಟಿ, ಲಕ್ಷ, ಸಾವಿರ ಎಂದು ಬಿಡಿಸಿ ಬಿಡಿಸಿ ಹೇಳುತ್ತದೆ. ಆಗೆಲ್ಲ ಮಾವ ಒಳಗಿರುವ ಅತ್ತೆಯನ್ನು ಕೂಗುವುದುಂಟು. “ಕೇಳಿದ್ಯಾ ಮಾರಾಯ್ತಿ? ಇವ್ನಿಗೆ ದುಡ್ಡು ಜಾಸ್ತಿ ಆಗಿದೆ.” ಊರಿನ ಹೆಸರನ್ನು ಅದು ತಪ್ಪಾಗಿ ಓದಿದರೆ, “ಹಾಗಲ್ಲ ಮಾರಾಯ, ಸಂಸೆ, ಸಂಸೆ” ಎಂದು ಅದಕ್ಕೇ ತಿದ್ದಿ ಹೇಳುತ್ತಾರೆ. ಮರುದಿನ ಅದು ಮತ್ತೆ ತಪ್ಪಾಗಿಯೇ ಓದುತ್ತದೆ.

ಏಪ್ರಿಲ್ ತಿಂಗಳ ಒಂದು ಸಂಜೆ ಪರದೆಯ ಮೂಲೆಯಲ್ಲಿ ಅಪ್‌ಡೇಟ್ ಬಂದಿದೆ ಎಂಬ ಸೂಚನೆ ಕಾಣಿಸಿತು. ನನ್ನವರು ಒಪ್ಪಿಗೆ ಒತ್ತಿ ಊಟಕ್ಕೆ ಎದ್ದರು. ಬೆಳಿಗ್ಗೆ ಎದ್ದಾಗ ಎಲ್ಲವೂ ಮುಗಿದಿತ್ತು. ಪರದೆಯ ಚಿತ್ರ ಬದಲಾಗಿ ಯಾವುದೋ ನೀಲಿ ಸರೋವರ ಬಂದಿತ್ತು. ಮಾವ ಕಾಫಿ ಮುಗಿಸಿ ಬಂದು ದೊಡ್ಡ ಬಿಂದಿ ಒತ್ತಿದರು. ಕಂಪ್ಯೂಟರ್ ಬಾಯಿ ಬಿಡಲಿಲ್ಲ.

“ಇವತ್ತು ಪೇಪರ್ ಬಂದಿಲ್ವಾ?”

“ಬಂದಿದೆ ಮಾವ. ಪುಟ ಕಾಣ್ತಾ ಇದೆ.”

“ಮತ್ತೆ ಎಂತಕ್ಕೆ ಸುಮ್ನಿದಾನೆ?”

ನನ್ನವರು ಸ್ಪೀಕರ್ ನೋಡಿದರು. ಹಾಡು ಹಾಕಿದರೆ ಹಾಡು ಬರುತ್ತಿತ್ತು, ಓದು ಮಾತ್ರ ಇಲ್ಲ. ನಾನು ಮೊಬೈಲಿನಲ್ಲಿ ಹುಡುಕಿದೆ. ಇದೇ ಅಪ್‌ಡೇಟ್ ಹಾಕಿಕೊಂಡು ಓದುವ ದನಿ ಕಳೆದುಕೊಂಡವರು ಎಲ್ಲೆಲ್ಲಿಯೋ ಇದ್ದರು, ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತಿದ್ದರು. ದೋಷ ತಮ್ಮ ಗಮನಕ್ಕೆ ಬಂದಿದೆ, ಸರಿಪಡಿಸಿದ ಅಪ್‌ಡೇಟ್ ಬೇಗ ಬರುತ್ತದೆ ಎಂದು ಕಂಪನಿಯವರು ಬಹಳ ಮರ್ಯಾದೆಯ ಇಂಗ್ಲಿಷಿನಲ್ಲಿ ಬರೆದಿದ್ದರು. ನಾನು ಅದನ್ನು ಕನ್ನಡ ಮಾಡಿ ಹೇಳಿದೆ.

“ಯಾವಾಗ ಬರ್ತದಂತೆ?” ಎಂದು ಮಾವ ಕೇಳಿದರು.

“ಅದು ಹೇಳಿಲ್ಲ.”

“ಕೆಡಿಸ್ವಾಗ್ಲೂ ಹೇಳಿರ್ಲಿಲ್ಲ ಬಿಡು.”

ಮೊಬೈಲಿನಲ್ಲಿಯೂ ಓದಿಸಬಹುದಿತ್ತು, ತೋರಿಸಿಯೂ ಕೊಟ್ಟೆವು. ನುಣುಪು ಗಾಜಿನ ಮೇಲೆ ಬೆರಳು ಎಲ್ಲಿದೆಯೆಂದೇ ತಿಳಿಯುವುದಿಲ್ಲ ಎಂದು ಅವರು ಅದನ್ನು ಮೇಜಿನ ಮೇಲಿಟ್ಟರು. ಹಾಗಾಗಿ ಓದುವ ಕೆಲಸ ನನ್ನ ಪಾಲಿಗೆ ಬಂತು. ಓದು ಎಂದು ಮಾವ ಬಾಯಿಬಿಟ್ಟು ಕೇಳಿದವರಲ್ಲ. ತಿಂಡಿ ಆದ ಮೇಲೂ ಊಟದ ಮೇಜಿನ ಬಳಿಯೇ ಕುಳಿತು ಚಮಚವನ್ನು ಲೋಟದೊಳಗೆ ತಿರುಗಿಸುತ್ತಿದ್ದರು, ಲೋಟ ಖಾಲಿ ಇದ್ದರೂ. ನಾನು ಕೈ ಒರೆಸಿಕೊಂಡು, ಮನೆಗೆ ಬರುವ ಅಚ್ಚಿನ ಪತ್ರಿಕೆ ತಂದು ಕೂರುತ್ತಿದ್ದೆ.

ನಾನು ಓದಿದ್ದು ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ. ಬೆನ್ನು ನೆಟ್ಟಗೆ, ದನಿ ಮೆತ್ತಗೆ, ವಾಕ್ಯ ಮುಗಿದಲ್ಲಿ ಮಾತ್ರ ಉಸಿರು ಎಂದು ಸಿಸ್ಟರ್ ಒಬ್ಬರು ಕಲಿಸಿದ್ದು ಇನ್ನೂ ಮೈಯಲ್ಲಿದೆ. ಆದರೆ ಅದು ಇಂಗ್ಲಿಷ್ ವಾಕ್ಯಕ್ಕೆ ಹೊಂದುವ ಉಸಿರು. ಕನ್ನಡ ಪತ್ರಿಕೆಯ ವಾಕ್ಯ ಮುಗಿಯುವುದರೊಳಗೆ ನನಗೆ ಮೇಲುಸಿರು ಬರುತ್ತಿತ್ತು. ಉದ್ದದ ಸಂಸ್ಕೃತ ಪದ ಎದುರಾದರೆ ಮೊದಲು ಕಣ್ಣಿನಲ್ಲಿ ಬಿಡಿಸಿಕೊಂಡು ಆಮೇಲೆ ನಾಲಿಗೆಗೆ ತರಬೇಕು.

“ಗಟ್ಟಿಯಾಗಿ ಓದಮ್ಮ, ಇದು ಪ್ರಾರ್ಥನೆ ಅಲ್ಲ” ಎಂದರು ಮಾವ.

ಹಿತ್ತಿಲಿಗೆ ಹೊರಟಿದ್ದ ಅತ್ತೆ ಅಡುಗೆಮನೆಯಿಂದಲೇ ಹೇಳಿದರು, “ಪ್ರಾರ್ಥನೆಯಾಗಿದ್ರೆ ಇಷ್ಟು ಹೊತ್ತಿಗೆ ಮುಗೀತಿತ್ತು. ಒಲೆ ಮೇಲೆ ಹಾಲಿದೆ, ನೋಡ್ಕೊಳ್ರವ್ವಾ ಯಾರಾದ್ರೂ.”

“ಹಾಗಾದ್ರೆ ಹೋಗಮ್ಮ ನೀನು” ಎಂದರು ಮಾವ ಕೂಡಲೇ. ನಾನು ಹಾಲು ಇಳಿಸಿ ಬರುವಷ್ಟರಲ್ಲಿ ಎದ್ದು ಅಂಗಳಕ್ಕೆ ಹೋಗಿದ್ದರು. ಪತ್ರಿಕೆ ಅರ್ಧಕ್ಕೇ ಮಡಚಿತ್ತು.

ಹೀಗೆ ಕೆಲವು ದಿನ ನಡೆಯಿತು. ಇನ್ನೊಬ್ಬರ ಬಿಡುವು ಕಾದು ಓದಿಸಿಕೊಳ್ಳುವುದು ಅವರಿಗೆ ಒಗ್ಗದ ಕೆಲಸ. ಒಂದು ಬೆಳಿಗ್ಗೆ ನಾನು ಪತ್ರಿಕೆ ತಂದಾಗ, “ಬೇಡ, ಇಡು. ಅದ್ರಲ್ಲಿ ಎಂತ ಇರ್ತದೆ, ನಿನ್ನೆದೇ ಇರ್ತದೆ” ಎಂದುಬಿಟ್ಟರು. ಕಂಪ್ಯೂಟರಿನ ದನಿ ಬೇಗ ಮರಳದಿದ್ದರೆ ಅವರು ಪತ್ರಿಕೆಯನ್ನೇ ಬಿಟ್ಟುಬಿಡುತ್ತಾರೆ ಎಂದು ನನಗೆ ಆಗ ಸ್ಪಷ್ಟವಾಯಿತು. ನನ್ನವರಿಗೂ ಹಾಗೆಯೇ ಅನಿಸಿರಬೇಕು. ದಿನಕ್ಕೆ ಎರಡು ಮೂರು ಸಲ ಕಂಪ್ಯೂಟರ್ ಹಾಕಿ ಹೊಸ ಅಪ್‌ಡೇಟ್ ಬಂದಿದೆಯೇ ಎಂದು ನೋಡುತ್ತಿದ್ದರು.

ಅದು ಬಂದದ್ದು ಒಂದು ಮಧ್ಯಾಹ್ನ. ಓದುವ ದನಿಯ ದೋಷ ಸರಿಪಡಿಸಲಾಗಿದೆ ಎಂದು ಅದರ ವಿವರದಲ್ಲಿಯೇ ಬರೆದಿತ್ತು. ನಾನೇ ಒಪ್ಪಿಗೆ ಕೊಟ್ಟೆ. ಪರದೆ ನೀಲಿಯಾಗಿ ಬಿಳಿ ಚುಕ್ಕೆಗಳು ವೃತ್ತದಲ್ಲಿ ತಿರುಗತೊಡಗಿದವು. ಕಂಪ್ಯೂಟರನ್ನು ಆಫ್ ಮಾಡಬೇಡಿ ಎಂದು ಕೆಳಗೆ ಇಂಗ್ಲಿಷಿನಲ್ಲಿ ಬಂತು. ಮಾವ ಮಲಗಿದ್ದರು. ಎದ್ದ ಮೇಲೆ ಹೇಳಿದರಾಯಿತು ಎಂದುಕೊಂಡು ನಾನು ಕಣಕ್ಕೆ ಹೋದೆ. ಅಲ್ಲಿ ಕಾಳುಮೆಣಸು ಒಣಗಲು ಹಾಕಿತ್ತು, ಅತ್ತೆ ಕಾಲಿನಿಂದ ಅದನ್ನು ತೆಳ್ಳಗೆ ಹರವುತ್ತಿದ್ದರು.

ಮುಂಗಾರಿಗೆ ಮೊದಲಿನ ಮಳೆ ನಮ್ಮ ಕಡೆ ಗುಡುಗು ಸಿಡಿಲಿನ ಜೊತೆಗೇ ಬರುವುದು. ಗುಡುಗು ಕೇಳಿದ ಕೂಡಲೇ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು ಹಾಕುವುದು ಇಲ್ಲಿನ ರೂಢಿ. ಟೀವಿ, ಫ್ರಿಜ್, ಇಂಟರ್ನೆಟ್ಟಿನ ಡಬ್ಬಿ ಇವುಗಳಲ್ಲಿ ಒಂದನ್ನಾದರೂ ಸಿಡಿಲಿಗೆ ಕೊಡದ ಮನೆ ಸುತ್ತಮುತ್ತ ಇಲ್ಲ. ಪ್ರತಿ ಮನೆಯಲ್ಲೂ ಒಬ್ಬರಿಗೆ ಆ ಜವಾಬ್ದಾರಿ ಇರುತ್ತದೆ. ನಮ್ಮಲ್ಲಿ ಅದು ಮಾವನದು. ತೋಟದ ಆಡಳಿತ, ಬ್ಯಾಂಕಿನ ಕೆಲಸ ಎಲ್ಲ ನನ್ನವರ ಕೈಗೆ ಹೋದ ಮೇಲೂ ಪ್ಲಗ್ಗು ಮಾತ್ರ ಅವರ ಬಳಿಯೇ ಉಳಿದಿತ್ತು. ಯಾವ ಗೋಡೆಯ ಯಾವ ಎತ್ತರದಲ್ಲಿ ಏನಿದೆ ಎಂದು ಅವರಿಗೆ ಅಂಗೈಯಲ್ಲೇ ಗೊತ್ತು.

ಸಂಸೆ ದಿಕ್ಕಿನ ಗುಡ್ಡದ ಆಚೆ ಗುಡುಗಿತು. ಅತ್ತೆ “ಬುಟ್ಟಿ ತಗೊಳ್ರೋ, ಟಾರ್ಪಾಲ್ ಎಳೀರೋ” ಎಂದು ಕೂಗಿದರು. ನಾನು, ನನ್ನವರು, ಕೆಲಸಕ್ಕೆ ಬಂದವರು ಎಲ್ಲ ಮೆಣಸನ್ನು ರಾಶಿ ಮಾಡುವುದರಲ್ಲಿ ಮುಳುಗಿದೆವು. ಟಾರ್ಪಾಲಿನ ಅಂಚಿಗೆ ಕಲ್ಲು ಇಡುತ್ತಿದ್ದಾಗ ನನಗೆ ಒಳಗಿನದು ನೆನಪಾಯಿತು.

ಹಜಾರದಲ್ಲಿ ವೈರುಗಳೆಲ್ಲ ಗೋಡೆಯಿಂದ ಬಿಡಿಸಿಕೊಂಡು ನೆಲದ ಮೇಲೆ ಸಾಲಾಗಿ ಮಲಗಿದ್ದವು. ಪರದೆ ಕಪ್ಪಾಗಿತ್ತು.

“ಕಂಪ್ಯೂಟರ್‌ದೂ ತೆಗೆದ್ರಾ ಮಾವ?”

“ತೆಗೀದೆ ಇರ್ತೀನಾ? ಆ ಯುಪಿಎಸ್ ಬ್ಯಾಟ್ರಿ ಡಬ್ಬಿ ಬೇರೆ ಕುಂಯ್ ಕುಂಯ್ ಅಂತ ಬಡ್ಕೊಳ್ತಿತ್ತು. ಅದ್ರ ಬಾಯೂ ಮುಚ್ಚಿಸ್ದೆ.”

ಪರದೆಯ ಮೇಲಿನ ಎಚ್ಚರಿಕೆಯನ್ನು ಅವರಿಗೆ ಓದಲು ಆಗುತ್ತಿರಲಿಲ್ಲ. ಓದಿ ಹೇಳಬೇಕಾಗಿದ್ದ ದನಿಯೇ ರಿಪೇರಿಯಲ್ಲಿತ್ತು. ನಾನು ನಡೆದದ್ದನ್ನು ಹೇಳಿದೆ. ಅವರು ಕೈಯಲ್ಲಿದ್ದ ಕೊನೆಯ ಪ್ಲಗ್ಗನ್ನು ನಿಧಾನವಾಗಿ ಕಿಟಕಿಯ ದಂಡೆಯ ಮೇಲಿಟ್ಟರು. ಹೊರಗೆ ನಾಲ್ಕು ಹನಿ ಬಿದ್ದು ಮಳೆ ಹಾಗೆಯೇ ಹೊರನಾಡಿನ ಕಡೆಗೆ ಸರಿಯಿತು.

ಮತ್ತೆ ಪ್ಲಗ್ಗು ಹಾಕಿದಾಗ ಕಂಪ್ಯೂಟರ್ ಆನ್ ಆಯಿತು. ಚುಕ್ಕೆಗಳು ತಿರುಗಿದವು, ಮಾಡಿದ ಬದಲಾವಣೆಗಳನ್ನು ಹಿಂತೆಗೆಯುತ್ತಿದ್ದೇವೆ ಎಂಬ ಬರಹ ಬಂತು, ಆರಿತು, ಕಂಪ್ಯೂಟರ್ ತಾನಾಗಿಯೇ ಆನ್ ಆಗಿ ಮೊದಲಿನಿಂದ ಶುರುಮಾಡಿತು. ಸಂಜೆಯವರೆಗೂ ಅದೇ ಆಯಿತು.

“ಕೇಳಿ ತೆಗೀರಿ ಅಂತ ಎಷ್ಟು ಸಲ ಹೇಳಿದೀನಿ ಅಪ್ಪ” ಎಂದರು ನನ್ನವರು.

“ಸಿಡಿಲು ಕೇಳ್ಕೊಂಡು ಬರ್ತದಾ?”

ಅತ್ತೆ ಮೆಣಸಿನ ಧೂಳು ಸೆರಗಿನಿಂದ ಕೊಡವುತ್ತಾ ಹೇಳಿದರು, “ಕಂಪ್ನಿಯವ್ರು ಅರ್ಧ ಕೆಡಿಸಿದ್ರು. ಬಾಕಿ ಕೆಲ್ಸ ನೀವು ಮುಗಿಸಿದ್ರಿ.” ಮಾವ ರಾತ್ರಿ ಊಟಕ್ಕೆ ಮಜ್ಜಿಗೆ ಕೇಳುವುದನ್ನೂ ಮರೆತರು.

ಮರುದಿನ ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ನಾನು ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತೆ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಮುಂದೆ ಕುಳಿತರು. ಅವರು ಕಳಸ ಪೇಟೆಗೆ ಹೋಗಿ ಬಹಳ ಕಾಲವಾಗಿತ್ತು. ನನ್ನವರು ಗಾಡಿ ಬಿಟ್ಟರು.

ಕಂಪ್ಯೂಟರ್ ರಿಪೇರಿಯವರದು ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ. ಮೀಸೆಯೆಲ್ಲ ನೆರೆತ ಮನುಷ್ಯ. ನೆಲದ ಮೇಲೆ ಗೋಡೆಗೆ ಒರಗಿಸಿ ಡಬ್ಬಿಗಳ ಒಂದು ಸಾಲು ಇತ್ತು, ಒಂದೊಂದರ ಮೇಲೂ ಎಸ್ಟೇಟಿನ ಹೆಸರು ಬರೆದ ಟೇಪು. ಅವರು ನಮ್ಮದನ್ನು ಬಿಚ್ಚುತ್ತಾ ಕೇಳಿದರು, “ಅಪ್‌ಡೇಟ್ ಆಗ್ವಾಗ ಕರೆಂಟ್ ಹೋಯ್ತಾ, ಯಾರಾದ್ರೂ ಪ್ಲಗ್ ತೆಗೆದ್ರಾ?”

ನನ್ನವರು ಗೋಡೆಗೆ ನೇತುಹಾಕಿದ್ದ ಕೀಬೋರ್ಡುಗಳನ್ನು ನೋಡತೊಡಗಿದರು.

“ನಾನೇ ತೆಗೆದಿದ್ದು” ಎಂದರು ಮಾವ.

“ಗುಡುಗಿಗಾ?”

“ಮತ್ತೆ?”

“ನಮ್ಮನೇಲೂ ತೆಗೀತೀವಿ. ಈ ಸಾಲೆಲ್ಲ ಅದೇ ಕೇಸು, ಕೂತ್ಕೊಳಿ.”

ಮಾವ ಕೂರಲಿಲ್ಲ. “ಇದ್ರಲ್ಲಿ ಓದ್ತಿದ್ದ, ಅವ್ನು ಬರ್ತಾನಾ?”

“ಕೆಟ್ಟ ಅಪ್‌ಡೇಟಿನ ಹಿಂದಕ್ಕೆ ಹೋಗಕ್ಕಾದ್ರೆ ಬರ್ತಾನೆ. ಆಗ್ಲಿಲ್ಲ ಅಂದ್ರೆ ಎಲ್ಲ ಅಳಿಸಿ ಹೊಸದು ಹಾಕ್ಬೇಕು ಅಣ್ಣ. ಹೊಸದ್ರಲ್ಲಿ ಯಾರು ಬರ್ತಾರೋ, ಓದ್ತಾರೋ ಇಲ್ವೋ, ಗ್ಯಾರಂಟಿ ಕೊಡಲ್ಲ. ಬಿಟ್ಟು ಹೋಗಿ, ಫೋನ್ ಮಾಡ್ತೀನಿ.”

“ನಾನು ಇಲ್ಲೇ ಇರ್ತೀನಿ” ಎಂದು ಮಾವ ಆಗ ಬೆಂಚು ಹುಡುಕಿ ಕುಳಿತರು. ನನ್ನವರು ಗೊಬ್ಬರದ ಅಂಗಡಿಗೆ ಹೋದರು. ನಾನು ಮಾವನ ಪಕ್ಕ ಕುಳಿತೆ. ಹೊರಗೆ ಕಂಡಕ್ಟರುಗಳು ಊರುಗಳ ಹೆಸರು ಕೂಗುತ್ತಿದ್ದರು. ರಿಪೇರಿಯವರು ಏನನ್ನೋ ಒತ್ತುವುದು, ಕಾಯುವುದು, ನಾಲಿಗೆಯಿಂದ ಚ್ ಎನ್ನುವುದು ನಡೆದೇ ಇತ್ತು. ಪ್ರತಿ ಚ್‌ಗೂ ಮಾವ ಆ ಕಡೆ ಮುಖ ತಿರುಗಿಸುತ್ತಿದ್ದರು. ನಾನು ಕಾಫಿ ತರಿಸಿದೆ. ಅವರ ಲೋಟದಲ್ಲಿ ಕೆನೆ ಕಟ್ಟಿತು.

ಕೊನೆಗೆ ರಿಪೇರಿಯವರು ಒಂದು ಸ್ಪೀಕರ್ ಸಿಕ್ಕಿಸಿದರು. ಪರದೆಯ ಮೇಲೆ ಏನಿತ್ತೋ ಅದನ್ನೇ ಅಂಗಡಿ ತುಂಬುವಂತೆ ಓದುವುದು ಕೇಳಿಸಿತು. ಧ್ವನಿ, ಗುಂಡಿ, ಚಾಲನೆಯಲ್ಲಿದೆ.

ಮಾವ ಎದ್ದು ನಿಂತರು. “ಇವ್ನೇ.”

“ಅಪ್‌ಡೇಟ್ ತಡೆದಿಟ್ಟಿದೀನಿ. ಕೆಲವು ವಾರ ಬರಲ್ಲ. ಆಮೇಲೆ ಬಂದೇ ಬರ್ತದೆ, ಅದನ್ನ ನಿಲ್ಸಕ್ಕಾಗಲ್ಲ” ಎಂದರು ಅವರು, ವೈರು ಸುತ್ತುತ್ತಾ.

“ಬರ್ಲಿ. ಬಂದಾಗ ನಂಗೊಂದು ಮಾತು ಹೇಳ್ಬೇಕು” ಎಂದು ಮಾವ ನನ್ನ ಕಡೆ ತಿರುಗಿ ಹೇಳಿದರು. ಆಯಿತು ಎಂದೆ.

ಮನೆಗೆ ಬಂದ ಮೇಲೆ ಅವರು ಅಂದಿನ ಪತ್ರಿಕೆಯಿಂದ ಶುರುಮಾಡಲಿಲ್ಲ. ದನಿ ನಿಂತ ದಿನದ ಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ತೆರೆದುಕೊಡಲು ಹೇಳಿದರು. ಅಲ್ಲಿಂದ ಒಂದೊಂದೇ ಸಂಚಿಕೆಯನ್ನು, ನಾನು ಓದಿ ಮುಗಿಸಿದ್ದನ್ನೂ ಸೇರಿಸಿ, ಸಂಜೆಯವರೆಗೂ ಕೇಳಿದರು. ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ನಾನು ತಡವರಿಸಿದ್ದ ಪದಗಳ ಮೇಲೆ ಅದು ಸಲೀಸಾಗಿ ಹಾದುಹೋಗುವುದು ಕೇಳಿಸುತ್ತಿತ್ತು. ಒಂದು ಕಡೆ ಓದು ನಿಂತಿತು.

“ಇದನ್ನ ನೀನು ಓದಿರ್ಲಿಲ್ಲ.”

“ಓದೋಕೆ ಶುರುಮಾಡಿದ್ದೆ ಮಾವ. ನಿಮಗೆ ನಿದ್ದೆ ಬಂದಿತ್ತು. ನಿಲ್ಲಿಸ್ದೆ.”

“ಇವ್ನಿಗೆ ನಿದ್ದೆ ಬಂದಿದ್ದು ಗೊತ್ತಾಗ್ತದಾ?”

“ಇಲ್ಲ. ಅದರ ಪಾಡಿಗೆ ಓದ್ತಾ ಹೋಗತ್ತೆ.”

“ಅದೇ ಒಳ್ಳೇದು” ಎಂದು ಮಾವ ಮತ್ತೆ ಓದಲು ಹಚ್ಚಿದರು. ನಾನು ದಿಂಬಿನ ಚೀಲಗಳನ್ನು ಎಣಿಸಿಕೊಂಡು ಒಳಗಿಡಲು ಹೋದೆ.